ಗುಳುಗುಳು ಸದ್ದಿನ ಸಂಜೆಗಳು

ಐದು ತಿಂಗಳ ಮೇಲೆ ಗಂಡನ ಮುಖವನ್ನು ಅವಳು ಮತ್ತೆ ನೋಡಿದ್ದು ಆಸ್ಪತ್ರೆಯ ಸಿಂಕಿನ ಮೇಲಿದ್ದ ಕನ್ನಡಿಯಲ್ಲಿ.

ಅವಳು ಗಾಲಿಕುರ್ಚಿಯಲ್ಲಿ, ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವನು ಕೆಲಸದ ನೀಲಿ ಅಂಗಿಯಲ್ಲೇ ಓಡಿ ಬಂದು ಸಿಂಕಿನ ಮುಂದೆ ನಿಂತು ನಲ್ಲಿಯ ತಿರುಪು ಹುಡುಕುತ್ತಿದ್ದ. ತಿರುಪೇ ಇರಲಿಲ್ಲ. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ಒಂದು ನಲ್ಲಿಯ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

"ಮೊಣಕೈಯಲ್ಲಿ ತಳ್ಳಬೇಕು ರೀ."

"ಗೊತ್ತು."

"ಗೊತ್ತಿದ್ದೇ ಈ ಥರ ತಡಕಾಡ್ತಿದ್ದೀರಾ?"

ಅವನು ತಿರುಗಲಿಲ್ಲ. ಕನ್ನಡಿಯಲ್ಲೇ ಒಂದು ಕ್ಷಣ ಅವಳನ್ನು ನೋಡಿದ, ಕಿವಿ ಕೆಂಪಗಾಯಿತು, ಮೊಣಕೈಯಿಂದ ಸರಳನ್ನು ತಳ್ಳಿದ. ನೀರು ಭರ್ರನೆ ನುಗ್ಗಿ ಅಂಗಿಯೆಲ್ಲ ಒದ್ದೆಯಾಯಿತು. ಅಂಥ ಹೊತ್ತಿನಲ್ಲಿ ನಗು ಬರಬಾರದು. ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕಳು.

ಅವರು ಜಗಳವಾಡಿ ದೂರವಾದವರಲ್ಲ. ಜಗಳವಾಡುವುದಕ್ಕೂ ಮಾತು ಬೇಕಲ್ಲ! ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮುಖ ಅಳೆದು, ಮಾತಾಡಿಸಿ, ಸಂಜೆ ಮನೆಗೆ ಬಂದರೆ ಅಲ್ಲಿ ಈ ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದ. ಅವಳು ಒಂದು ಗಂಟೆ ಹೇಳಿದ್ದಕ್ಕೆ ಅವನದು ಒಂದು "ಹೂಂ". ಎರಡು ವರ್ಷ ಸಹಿಸಿಕೊಂಡಳು. ಒಂದು ದಿನ, "ನಾನು ಗೋಡೆ ಜೊತೆ ಸಂಸಾರ ಮಾಡ್ತಿದ್ದೀನಿ, ನಂಗೆ ಸಾಕಾಯ್ತು" ಅಂದಾಗ ಅವನು ಬಹಳ ಹೊತ್ತು ನೆಲ ನೋಡಿ, "ನಿನ್ನಿಷ್ಟ" ಅಂದ. ಬೇಡ ಅನ್ನಲಿ ಎಂದು ಅವಳು ಕಾದಿದ್ದಳು. ಅನ್ನಲಿಲ್ಲ.

ಬೇರೆಯಾಗುವುದೆಂದು ಇಬ್ಬರೂ ಒಪ್ಪಿದ ಮೇಲೆ ಅವಳಿಗೆ ದಿನ ತಪ್ಪಿರುವುದು ಗೊತ್ತಾಯಿತು. ಸರಿ, ಮಗು ಹುಟ್ಟಲಿ, ಮಗುವಿಗೋಸ್ಕರ ಒಟ್ಟಿಗೆ ಇರೋಕಾಗುತ್ತಾ ಆಮೇಲೆ ನೋಡೋಣ ಅಂತ ಹಿರಿಯರು ಮಾತು ಮುಗಿಸಿದರು. ಅವಳು ಅಣ್ಣನ ಮನೆಗೆ ಹೋದಳು. ಹೀಗೆ ಆ ಮದುವೆಯೆಂಬುದು ಇನ್ನೂ ಹುಟ್ಟದ ಒಂದು ಜೀವದ ಮೇಲೆ ನಿಂತಿತ್ತು. ಆ ಜೀವವೋ, ಏಳು ತಿಂಗಳು ತುಂಬುತ್ತಲೇ ಅವಸರ ಮಾಡಿಕೊಂಡು ಬಂದುಬಿಟ್ಟಿತು.

ಗಾಜಿನ ಪೆಟ್ಟಿಗೆಯೊಳಗೆ ಹೆಣ್ಣು ಮಗು. ಅಂಗೈಯಗಲದ ಬೆನ್ನು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ಮೂಗಿಗೆ ಎರಡು ಪುಟ್ಟ ನಳಿಕೆ, ಅಲ್ಲಿಂದ ಹೊರಟ ಪೈಪಿನ ತುದಿ ಪಕ್ಕದ ನೀರಿನ ಬಾಟಲಿಯಲ್ಲಿ ಮುಳುಗಿತ್ತು. ಬಾಟಲಿಯಲ್ಲಿ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದವು.

"ಹೊಸ ಬಲೂನು ಊದೋದು ಕಷ್ಟ ಅಲ್ವಾ?" ಅಂದರು ಡಾಕ್ಟರಮ್ಮ. "ಒಳಗೆ ಸ್ವಲ್ಪ ಗಾಳಿ ಉಳಿದಿದ್ರೆ ಮತ್ತೆ ಊದೋದು ಸುಲಭ. ಇವಳ ಶ್ವಾಸಕೋಶ ಇನ್ನೂ ಬಲಿತಿಲ್ಲ, ಉಸಿರು ಬಿಟ್ಟಾಗಲೆಲ್ಲ ಪೂರ್ತಿ ಮುಚ್ಚಿಕೊಳ್ಳೋಕೆ ನೋಡುತ್ತೆ. ಆ ನೀರಿನ ಒತ್ತಡ ಅದನ್ನ ಮುಚ್ಚೋಕೆ ಬಿಡಲ್ಲ. ಉಸಿರು ಮಾತ್ರ ಅವಳೇ ಆಡ್ಬೇಕು."

ಅವಳ ತುಟಿ ಒಣಗಿತ್ತು. ಕೈಕಾಲು ತಣ್ಣಗಾಗಿದ್ದವು. ಆಗ ಗಂಡ ಬಗ್ಗಿ ಬಾಟಲಿಯನ್ನೇ ದಿಟ್ಟಿಸಿದವನು, ಮುಖ ಅರಳಿಸಿಕೊಂಡು ಅವಳತ್ತ ತಿರುಗಿದ.

"ನೋಡಿಲ್ಲಿ! ಹೇಗೆ ಗುಳುಗುಳು ಅಂತ ಉಸಿರಾಡ್ತಿದಾಳೆ ನೋಡು! ಏನು ಜೋರು!"

ಅವನ ಮುಖದಲ್ಲಿ ಅಂಥ ಬೆಳಕನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ. ತಣ್ಣಗಾಗಿದ್ದ ಕೈಗೆ ಸ್ವಲ್ಪ ಬಿಸಿ ಬಂದಂತಾಯಿತು.

ಮಾರನೆಯ ದಿನ ಹೆಡ್ ಸಿಸ್ಟರ್ ಅವಳಿಗೆ ಪಾಠ ಮಾಡಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಹೆಡ್‌ಮೇಷ್ಟ್ರು ಅನ್ನುತ್ತಿದ್ದರು, ಕಾರಣವಿಲ್ಲದೆ ಅಲ್ಲ.

"ಗುಳ್ಳೆ ನೋಡ್ಕೊಂಡು ಕೂತ್ಕೋಬೇಡಮ್ಮ, ಎದೆ ನೋಡು. ಗುಳ್ಳೆ ಮೆಷಿನ್ ಗಾಳಿದು. ಮಗು ಉಸಿರಾಡಲಿ ಬಿಡಲಿ, ಅದರ ಪಾಡಿಗೆ ಅದು ಬರ್ತಾನೇ ಇರುತ್ತೆ. ಇಷ್ಟು ಮುಂಚೆ ಹುಟ್ಟಿದ ಮಕ್ಕಳು ಮಧ್ಯೆ ಮಧ್ಯೆ ಉಸಿರಾಡೋದನ್ನೇ ಮರೆತುಬಿಡ್ತಾವೆ. ಎದೆ ಏಳಲಿಲ್ಲ ಅಂದ್ರೆ ಅಂಗಾಲು ಮೆಲ್ಲಗೆ ತಟ್ಟಿ ನೆನಪಿಸ್ಬೇಕು, ನಮ್ಮನ್ನ ಕೂಗ್ಬೇಕು."

ಅವಳು ತಲೆಯಾಡಿಸಿದಳು. ಗಂಡನಿಗೂ ಇದನ್ನು ಹೇಳಬೇಕು ಅಂದುಕೊಂಡಳು. ಸಂಜೆ ಅವನು ಸಿಂಕಿನ ಹತ್ತಿರ ಸಿಕ್ಕಾಗ, ಆ ಅರಳಿದ ಮುಖ ನೆನಪಾಗಿ, ನಾಲಗೆ ಏಳಲಿಲ್ಲ. ಇವನೊಬ್ಬನಾದರೂ ನೆಮ್ಮದಿಯಾಗಿ ಇರಲಿ ಬಿಡು ಅಂದುಕೊಂಡು ಸುಮ್ಮನಾದಳು.

ಒಳಗೆ ಒಬ್ಬರಿಗೆ ಮಾತ್ರ ಜಾಗ. ಹಗಲು ಅವಳು, ಸಂಜೆ ಅವನು. ಹಾಗಾಗಿ ಗಂಡ ಹೆಂಡತಿ ಸೇರುತ್ತಿದ್ದದ್ದು ಆ ಸಿಂಕಿನ ಮುಂದೆ, ಅವನು ಮೊಣಕೈವರೆಗೆ ಸೋಪು ಉಜ್ಜಿಕೊಳ್ಳುವಷ್ಟು ಹೊತ್ತು. ಪಾರ್ಕಿಲ್ಲ, ಸಿನಿಮಾ ಇಲ್ಲ, ಕಾಫಿ ಇಲ್ಲ. ಆದರೂ ಆ ಸೋಪಿನ ಹೊತ್ತಿಗಾಗಿ ಅವಳು ಮಧ್ಯಾಹ್ನದಿಂದಲೇ ಬಾಗಿಲ ಕಡೆ ಕಣ್ಣು ಹಾಯಿಸತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೇ ತಿಳಿಯಲಿಲ್ಲ.

"ಇವತ್ತು ಹೇಗಿದ್ರು ಸಣ್ಣ ಮೇಡಂ?" ಅವನು ಮಗುವನ್ನು ಹಾಗೆ ಕರೆಯುತ್ತಿದ್ದ.

"ಸಣ್ಣ ಮೇಡಂ ಅಂದ್ರೆ, ದೊಡ್ಡ ಮೇಡಂ ಯಾರು?"

ಅವನು ಬೆರಳ ಸಂದಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿದ. ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳ ಕನ್ನಡಕದವರೆಗೆ ಬಂದು, ಸಿಕ್ಕಿಬಿದ್ದ ಕಳ್ಳನಂತೆ ಥಟ್ಟನೆ ಸೋಪಿಗೆ ವಾಪಸಾಯಿತು.

"ಸಾಕು, ಚರ್ಮ ಕಿತ್ತು ಬರುತ್ತೆ," ಅಂದಳು ಅವಳು.

ಮೂಕನಂತೆ ಕೂತಿದ್ದವನಿಗೆ ಹೆಡ್ ಸಿಸ್ಟರ್ ಗದರಿದ್ದೂ ಆ ದಿನಗಳಲ್ಲೇ. "ಏನಪ್ಪಾ, ಬಾಯಲ್ಲಿ ಏನಾದ್ರೂ ಇಟ್ಕೊಂಡಿದೀಯಾ? ಮಗು ಅಪ್ಪನ ದನಿ ಕೇಳ್ಬೇಕು. ಮಾತಾಡು!" ತನ್ನ ಜೀವಮಾನದಲ್ಲಿ ಯಾರ ಮಾತಿಗೂ ಬಾಯಿ ಬಿಡದವನು ಆ ಗದರಿಕೆಗೆ ಬಿಟ್ಟ.

ಅವಳಿಗೆ ಇದು ಗೊತ್ತಾದದ್ದು ಫೋನಿನಿಂದ. ಅಣ್ಣನ ಮನೆಯಲ್ಲಿ ಸಂಜೆಯ ಹೊತ್ತು ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದನ್ನು ಕೇಳಿದ ಅವನು ಫೋನನ್ನು ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಟಲಿಯ ಪಕ್ಕ ಇಟ್ಟು, "ಕೇಳಿಸ್ಕೋ, ಉಸಿರಾಡ್ತಿದಾಳೆ, ನೀನು ಮಲಗು" ಅಂದ. ಹೆಡ್ ಸಿಸ್ಟರ್ ಕಂಡೂ ಕಾಣದಂತೆ ಇದ್ದರು. ಗುಳುಗುಳು, ಗುಳುಗುಳು. ಅದು ಮಗುವಿನ ಉಸಿರಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಫೋನನ್ನು ಕಿವಿಗೊತ್ತಿಕೊಂಡು ಮಲಗಿದಳು. ಫೋನು ನಡೆಯುತ್ತಲೇ ಇದೆ ಎಂಬುದನ್ನು ಮರೆತ ಅವನು ಮಗುವಿನೊಂದಿಗೆ ಶುರುಮಾಡಿದ.

"ಸಣ್ಣ ಮೇಡಂ, ಇವತ್ತು ಏನಾಯ್ತು ಗೊತ್ತಾ? ಒಬ್ಬರು ತಾತ ಲಿಫ್ಟಲ್ಲಿ ಸಿಕ್ಕಾಕೊಂಡ್ರು. ಬಾಗಿಲು ಬಿಡಿಸಿ ಹೊರಗೆ ಕರ್ಕೊಂಡ್ರೆ, ಯಾಕಪ್ಪಾ ಇಷ್ಟು ಬೇಗ ಬಂದೆ, ಮನೇಲಿ ಹೆಂಡತಿ ಕಾಯ್ತಿದಾಳೆ, ಇನ್ನೊಂದರ್ಧ ಗಂಟೆ ಬಿಟ್ಟು ಬರಬಾರದಿತ್ತಾ ಅಂತಾರೆ!"

ಅವಳು ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಇವನು ಇಷ್ಟು ಮಾತಾಡುತ್ತಾನಾ? ಇದನ್ನೆಲ್ಲ ಎರಡು ವರ್ಷ ಎಲ್ಲಿ ಅಡಗಿಸಿಟ್ಟಿದ್ದ?

"ನಿಮ್ಮಮ್ಮ ಇದ್ರೆ ಇದನ್ನೇ ಎಷ್ಟು ಚೆನ್ನಾಗಿ ಹೇಳ್ತಿದ್ಲು. ಅವಳು ಮಾತಾಡ್ತಿದ್ರೆ ನಂಗೆ ಸುಮ್ನೆ ಕೇಳ್ತಾ ಕೂತಿರೋಣ ಅನ್ಸೋದು. ನಾನು ಬಾಯಿ ಹಾಕಿದ್ರೆ ಎಲ್ಲಿ ಕೆಟ್ಟುಹೋಗುತ್ತೋ ಅಂತ... ಅವಳು ನಾನು ಕೇಳ್ತಾನೇ ಇಲ್ಲ ಅಂದ್ಕೊಂಡ್ಲು. ನಿಮ್ಮಪ್ಪ ಪೆದ್ದ ಕಣಮ್ಮಾ."

ಅತ್ತಿಗೆ ಹಾಲು ತಂದವಳು ಬಾಗಿಲಲ್ಲೇ ನಿಂತಳು. "ಯಾರ ಫೋನೇ ಅದು? ಮುಖ ನೋಡು, ಹೊಸ ಮದುವೆ ಹೆಣ್ಣಿನ ಹಾಗೆ ಕೆಂಪಗಾಗಿದೆ!"

"ಆಸ್ಪತ್ರೆದು ಅತ್ತಿಗೆ," ಅಂದಳು. ಕಣ್ಣೀರು ಕಿವಿಯವರೆಗೆ ಹರಿದಿತ್ತು.

ಮಾರನೆಯ ಸಂಜೆ ಸಿಂಕಿನ ಮುಂದೆ ಅವಳಿಗೆ ತಡೆಯಲಾಗಲಿಲ್ಲ. "ಯಾರೋ ಪೆದ್ದರು ನಿನ್ನೆ ಫೋನ್ ಇಡೋದು ಮರೆತಿದ್ರು."

ಅವನ ಕೈಯಿಂದ ಸೋಪು ಜಾರಿತು. "ಎಲ್ಲಿವರೆಗೆ ಕೇಳಿಸ್ತು?"

"ತಾತ ಲಿಫ್ಟಿಂದ ಹೊರಗೆ ಬಂದ್ರಲ್ಲ, ಅಲ್ಲಿವರೆಗೆ."

ಅವನು ನಿಟ್ಟುಸಿರು ಬಿಟ್ಟ. ಅವಳು ಮೆಲ್ಲಗೆ ಸೇರಿಸಿದಳು: "ಆಮೇಲಿಂದೂ."

ಅವನು ಸೋಪಿನ ನೊರೆಯ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತ, ಅವುಗಳನ್ನು ಏನು ಮಾಡಬೇಕೆಂದು ತಿಳಿಯದೆ. ಈ ಸಲ ಕಣ್ಣು ತಪ್ಪಿಸಲಿಲ್ಲ. ಅವಳೇ ತಪ್ಪಿಸಬೇಕಾಯಿತು. ಆಸ್ಪತ್ರೆಯ ಗೇಟಿನವರೆಗೆ ಅವಳ ಎದೆ ಹುಡುಗಿಯರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಮಗಳು ಒಳಗೆ ಉಸಿರಿಗಾಗಿ ಒದ್ದಾಡುತ್ತಿರುವಾಗ ತನಗೆ ಇಂಥದೊಂದು ಸಂತೋಷ ಬಂತಲ್ಲ ಎಂದು ನಾಚಿಕೆಯಾಯಿತು. ಸಂತೋಷ ಮಾತ್ರ ಹೋಗಲಿಲ್ಲ.

ಅದೇ ವಾರ ಅವಳ ಹೊಲಿಗೆಗೆ ಕೀವು ಸೇರಿ ಜ್ವರ ಬಂತು. ಜ್ವರ ಇಳಿಯುವವರೆಗೆ ಮಕ್ಕಳ ಹತ್ತಿರ ಬರುವ ಹಾಗಿಲ್ಲ ಅಂದರು ಆಸ್ಪತ್ರೆಯಲ್ಲಿ. ಅಣ್ಣನ ಮನೆಯ ಮಂಚದ ಮೇಲೆ ಮಲಗಿ ಗೋಡೆ ನೋಡುವುದೊಂದೇ ಅವಳಿಗೆ ಉಳಿದ ಕೆಲಸ. ಅವನು ರಜೆ ಹಾಕಿ ಹಗಲೂ ಆಸ್ಪತ್ರೆಯಲ್ಲೇ ಇದ್ದ. ಗಂಟೆಗೊಮ್ಮೆ ಫೋನು ಮಾಡುತ್ತಿದ್ದ.

ಆ ಮಧ್ಯಾಹ್ನ ಫೋನು ಬರಲಿಲ್ಲ. ಅವಳು ಮಾಡಿದರೆ ಎತ್ತಲಿಲ್ಲ. ಜ್ವರದಲ್ಲಿ ತಲೆ ಸಿಡಿಯುತ್ತಿತ್ತು, ಮನಸ್ಸು ಮಾತ್ರ ಒಂದೇ ಕಡೆ. ಸಂಜೆಯಾದ ಮೇಲೆ ಅವನೇ ಮಾಡಿದ.

"ಎಲ್ಲಿ ಹೋಗಿದ್ರಿ? ಜೀವ ಹೋಗ್ತಿತ್ತು ನಂಗೆ!"

"ಫೋನು ಸೈಲೆಂಟಲ್ಲಿತ್ತು. ಚೆನ್ನಾಗಿದಾಳೆ. ನಿಂಗೆ ಜ್ವರ ಹೇಗಿದೆ?"

"ನನ್ನ ಜ್ವರ ಹಾಳಾಗ್ಲಿ. ಫೋನು ಬಾಟಲಿ ಹತ್ರ ಇಡಿ."

"ತಡಿ, ಇಡ್ತೀನಿ."

ಏನೋ ಸರಿದಾಡಿತು. ಆಮೇಲೆ ಬಂತು. ಗುಳುಗುಳು, ಗುಳುಗುಳು. ಅವಳು ಕಣ್ಣು ಮುಚ್ಚಿದಳು. ಹಿಡಿದಿದ್ದ ಉಸಿರನ್ನು ಬಿಟ್ಟಳು.

ಸದ್ದು ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು.

ಮಗು ಬಾಯಿ ತೆರೆದಿರಬೇಕು ಅಂದುಕೊಂಡಳು. ಬಾಯಿ ತೆರೆದರೆ ಗಾಳಿ ಅಲ್ಲಿಂದ ಸೋರಿ ಗುಳ್ಳೆ ನಿಲ್ಲುತ್ತದೆ, ಗಲ್ಲದ ಕೆಳಗೆ ಬೆರಳಿಟ್ಟು ಮುಚ್ಚಬೇಕು ಎಂದು ಹೆಡ್ ಸಿಸ್ಟರ್ ತೋರಿಸಿಕೊಟ್ಟಿದ್ದರು. ಆದರೆ ಇದು ಹಾಗೆ ನಿಲ್ಲುತ್ತಿರಲಿಲ್ಲ. ಒಂದಿಷ್ಟು ಗುಳ್ಳೆ, ಆಮೇಲೆ ಸಣ್ಣದೊಂದು ಸುಯ್ಯೆಂಬ ಸದ್ದು, ಮತ್ತೆ ಗುಳ್ಳೆ. ಅವಳು ಎದ್ದು ಕೂತಳು. ಮೆಷಿನ್ನು ದಣಿಯುವುದಿಲ್ಲ. ಮೆಷಿನ್ನು ಉಸಿರು ತೆಗೆದುಕೊಳ್ಳಲು ನಿಲ್ಲುವುದಿಲ್ಲ. ಮನುಷ್ಯ ನಿಲ್ಲುತ್ತಾನೆ.

ಮಗುವಿಗೆ ಏನೋ ಆಗಿದೆ. ಮತ್ತು ಆ ಪುಣ್ಯಾತ್ಮ ಎಲ್ಲೋ ಕೂತು ತನಗಾಗಿ ನೀರಿನಲ್ಲಿ ಊದುತ್ತಿದ್ದಾನೆ. ಎರಡೂ ಒಟ್ಟಿಗೇ ಅವಳಿಗೆ ಹೊಳೆಯಿತು. ಭಯ ಮತ್ತು ಪ್ರೀತಿ ಒಂದೇ ಏಟಿಗೆ ಬಂದು ಬಡಿದರೆ ಯಾವುದಕ್ಕೆ ಅಳುತ್ತಿದ್ದೇವೆಂದು ತಿಳಿಯುವುದಿಲ್ಲ. ಅವಳು ಫೋನಿಗೆ ಏನೂ ಹೇಳಲಿಲ್ಲ. ಅದು ನಡೆಯುತ್ತಿದ್ದ ಹಾಗೇ, "ಅಣ್ಣಾ, ಕಾರು ತೆಗಿ" ಅಂದಳು.

ವಾರ್ಡಿನ ಹಿಂದಿನ ಮೆಟ್ಟಿಲಿನಲ್ಲಿ ಅವನು ಸಿಕ್ಕಿದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ನೀರಿನ ಬಾಟಲಿ, ಬಾಯಲ್ಲಿ ಜ್ಯೂಸಿನ ಸ್ಟ್ರಾ. ಕೆನ್ನೆ ಉಬ್ಬಿಸಿ ಊದುತ್ತಿದ್ದ. ಕಣ್ಣಿಂದ ಸುರಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಷ್ಟು ಹೊತ್ತೂ, ದಾರಿಯುದ್ದಕ್ಕೂ, ಅವನು ಊದುತ್ತಲೇ ಇದ್ದ.

ಅವಳು ಮೆಟ್ಟಿಲಿಳಿದು ಪಕ್ಕದಲ್ಲಿ ಕೂತು ಸ್ಟ್ರಾವನ್ನು ಅವನ ಬಾಯಿಂದ ತೆಗೆದಳು. ಅವನು ಬೆಚ್ಚಿಬಿದ್ದ.

"ಸಾಕು ರೀ. ತಲೆ ಸುತ್ತುತ್ತೆ."

"ಹೇಗೆ ಗೊತ್ತಾಯ್ತು?"

"ಮೆಷಿನ್ನು ನಡುನಡುವೆ ಏದುಸಿರು ಬಿಡಲ್ಲ."

ಅವನು ತಲೆ ಬಗ್ಗಿಸಿದ. ಮಾತು ತುಂಡುತುಂಡಾಗಿ ಬಂತು. "ಮಧ್ಯಾಹ್ನ ನೀಲಿಗಟ್ಟಿದ್ಲು. ಅಂಗಾಲು ತಟ್ಟಿದೆ. ತಟ್ಟಿದೆ... ನೆನಪಾಗಲೇ ಇಲ್ಲ ಅವಳಿಗೆ. ಶ್ವಾಸಕೋಶದಲ್ಲಿ ರಕ್ತ ಬಂದಿದೆಯಂತೆ. ಗಂಟಲಿಗೆ ಪೈಪ್ ಹಾಕಿ ದೊಡ್ಡ ವೆಂಟಿಲೇಟರಿಗೆ ಹಾಕಿದಾರೆ. ಬಾಟಲಿ ತೆಗೆದುಬಿಟ್ರು. ಜ್ವರದಲ್ಲಿದೀಯ, ಸದ್ದು ಕೇಳದೇ ಹೋದ್ರೆ ನೀನು..."

"ಗುಳ್ಳೆ ಅವಳ ಉಸಿರಲ್ಲ ರೀ. ಮೊದಲಿಂದಾನೂ ಅಲ್ಲ. ಅದು ಬರೀ ಮೆಷಿನ್ನಿನ ಗಾಳಿ."

"ನಂಗೊತ್ತು."

ಅವಳು ಅವನನ್ನೇ ನೋಡಿದಳು.

"ಮೆಷಿನ್ನು, ಪೈಪು, ಪ್ರೆಷರ್ರು ನನ್ನ ಕೆಲಸಾನೇ ಅಲ್ವಾ? ಮೊದಲನೇ ದಿನ ನೋಡಿದ ತಕ್ಷಣ ಗೊತ್ತಾಯ್ತು. ನಿನ್ನ ಮುಖ ಸುಣ್ಣದ ಹಾಗಾಗಿತ್ತು. ಏನಾದ್ರೂ ಹೇಳ್ಬೇಕಿತ್ತು ನಾನು. ಅದೊಂದು ತೋಚ್ತು, ಹೇಳ್ದೆ. ನೀನು ನಂಬಿದ್ದೀಯ ಅಂದ್ಕೊಂಡೆ."

ಅವಳಿಗೆ ನಂಬದಿರಲು ಮರುದಿನವೇ ಕಾರಣ ಸಿಕ್ಕಿತ್ತು, ಅವನಿಗೆ ನೋವಾಗದಿರಲಿ ಎಂದು ನುಂಗಿಕೊಂಡಿದ್ದಳು. ಇಬ್ಬರೂ ಸುಳ್ಳು ಎಂದು ಗೊತ್ತಿದ್ದ ಒಂದು ಸದ್ದನ್ನು ಪರಸ್ಪರರಿಗಾಗಿ ಅಷ್ಟು ದಿನ ಕಾಪಾಡಿದ್ದರು. ಅವಳು ಅವನ ಭುಜಕ್ಕೆ ಹಣೆಯಿಟ್ಟಳು. ಜ್ವರದ ಹಣೆ ಬಿಸಿಯಿತ್ತು. ಅವನು ತನ್ನ ಅಂಗೈಯನ್ನು ಅದರ ಮೇಲಿಟ್ಟು ತೆಗೆಯದೆ ಕೂತ.

ಮಾರನೆಯ ಬೆಳಗ್ಗೆ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕರೆದರು. ಒಟ್ಟಿಗೆ ಕರೆದದ್ದರಿಂದಲೇ ಅವಳಿಗೆ ಅರ್ಥವಾಯಿತು. ಗಾಜಿನಾಚೆ ಕಾಣುತ್ತಿತ್ತು: ಹೊಸ ಮೆಷಿನ್ನು ಸಣ್ಣ ಸಣ್ಣ ಉಸಿರನ್ನು ಎಷ್ಟು ವೇಗವಾಗಿ ತುಂಬುತ್ತಿತ್ತೆಂದರೆ ಮಗುವಿನ ಎದೆ ಏಳುವ ಬದಲು ನಡುಗುತ್ತಿತ್ತು.

"ಇದಕ್ಕಿಂತ ಮೇಲೆ ನನ್ನ ಹತ್ರ ಮೆಷಿನ್ನಿಲ್ಲ," ಅಂದರು ಡಾಕ್ಟರಮ್ಮ. ಅವರ ದನಿಯೂ ಸರಿಯಿರಲಿಲ್ಲ. "ಗಾಳಿ ಕೊಡ್ತಿದ್ದೀವಿ, ಅದನ್ನ ತಗೊಳ್ಳೋಕೆ ಶ್ವಾಸಕೋಶ ಉಳಿದಿಲ್ಲ. ಹೃದಯಾನೂ ಸೋಲ್ತಿದೆ. ಇನ್ನು ಸ್ವಲ್ಪ ಹೊತ್ತು. ಆ ಹೊತ್ತು ಮೆಷಿನ್ನಲ್ಲಿ ಇರಲೋ, ನಿಮ್ಮ ಕೈಯಲ್ಲಿ ಇರಲೋ, ಅದೊಂದನ್ನ ನೀವು ಹೇಳಿ."

ಎರಡು ವರ್ಷದ ಸಂಸಾರದಲ್ಲಿ ಎಲ್ಲ ಮಾತನ್ನೂ ಅವಳೇ ಆಡಿದ್ದಳು. ಈ ಮಾತು ಅವಳಿಂದಾಗಲಿಲ್ಲ.

"ಕೈಯಲ್ಲಿ," ಅಂದ ಅವನು. "ಅವರಮ್ಮನ ಕೈಯಲ್ಲಿ."

ಒಬ್ಬರಿಗೇ ಜಾಗ ಅನ್ನುತ್ತಿದ್ದ ಕೋಣೆಯಲ್ಲಿ ಹೆಡ್ ಸಿಸ್ಟರ್ ಎರಡು ಕುರ್ಚಿ ಹಾಕಿದರು. ಅವಳಿಗೆ ಮಾಸ್ಕ್ ಕಟ್ಟಿದರು. ಜ್ವರದ ಮಾತನ್ನು ಯಾರೂ ಎತ್ತಲಿಲ್ಲ. ಟೇಪು ಬಿಡಿಸಿ, ಪೈಪು ತೆಗೆದು, ಮಗುವನ್ನು ಅವಳ ಎದೆಗಿಟ್ಟರು. ಅವನು ತೋಳು ಚಾಚಿ ಇಬ್ಬರನ್ನೂ ಹಿಡಿದುಕೊಂಡ.

ಮುಖಕ್ಕೆ ಏನೂ ಅಂಟಿರದ ಮಗಳನ್ನು ಇಬ್ಬರೂ ನೋಡಿದ್ದು ಆಗಲೇ. ಮೇಲ್ದುಟಿ ಅವನದೇ. ಮೂಗು ಇಬ್ಬರದೂ ಅಲ್ಲ, ಮಗಳ ಸ್ವಂತದ್ದು.

"ಸಣ್ಣ ಮೇಡಂ," ಅಂದ ಅವನು. "ಇನ್ನು ನೆನಪಿಟ್ಕೋಬೇಕಾಗಿಲ್ಲ ಕಣಮ್ಮಾ. ಮರೆತುಬಿಡು. ಪರವಾಗಿಲ್ಲ."

ಮಗು ತಾನಾಗಿ ಉಸಿರೆಳೆಯಿತು. ಸ್ವಲ್ಪ ಬಿಟ್ಟು ಇನ್ನೊಂದು. ಇನ್ನೊಂದಕ್ಕೆ ಅವರು ಕಾದರು. ಬಹಳ ಹೊತ್ತು ಕಾದ ಮೇಲೆ ಹೆಡ್ ಸಿಸ್ಟರ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಎಲ್ಲ ಮುಗಿಸಿ ಎರಡು ದಿನದ ಮೇಲೆ ಅವಳು ಹೊಲಿಗೆ ತೋರಿಸಲು ಮತ್ತೆ ಆಸ್ಪತ್ರೆಗೆ ಬಂದಳು. ಅವನೂ ಬಂದಿದ್ದ. ಬರಬೇಕೆಂದು ಯಾರೂ ಹೇಳಿರಲಿಲ್ಲ. ಜ್ವರ ಬಿಟ್ಟಿತ್ತು. ಹೊರಗೆ ಬೈಕುಗಳನ್ನು ನಿಲ್ಲಿಸುವ ಜಾಗದಲ್ಲಿ ಇಬ್ಬರೂ ನಿಂತರು. ಅಣ್ಣ ದೂರದಲ್ಲಿ ಕಾರಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. ಮಗುವಿಗೋಸ್ಕರ ನೋಡೋಣ ಅಂದಿದ್ದರು ಹಿರಿಯರು. ಇನ್ನು ನೋಡುವುದಕ್ಕೆ ಏನೂ ಇರಲಿಲ್ಲ. ಅವನು ಈಗ "ನಿನ್ನಿಷ್ಟ" ಅಂದರೆ ಕಾರು ಹತ್ತುವುದೊಂದೇ ದಾರಿ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಅವಳ ಎದೆ ಬಿಗಿದು ಬಂತು. ಮಗು ಇಲ್ಲವೆಂಬ ಸುದ್ದಿ ಅವಳ ಮೈಗೆ ಇನ್ನೂ ಮುಟ್ಟಿರಲಿಲ್ಲ. ಹಾಲು ತಾನಾಗಿ ಇಳಿಯಿತು. ಕುಪ್ಪಸದ ಮೇಲೆ ಎರಡು ಒದ್ದೆ ಕಲೆಗಳು ಹರಡಿದವು. ಹಗಲು ಹೊತ್ತು, ಸುತ್ತ ಜನ. ಅವಳು ಎರಡೂ ತೋಳುಗಳನ್ನು ಅಡ್ಡ ಹಿಡಿದು ನಿಂತಲ್ಲೇ ಕುಗ್ಗಿದಳು.

ಅವನು ತನ್ನ ಕೆಲಸದ ಜಾಕೆಟ್ಟು ಬಿಚ್ಚಿ ಅವಳಿಗೆ ಮುಂದಿನಿಂದ ಹೊದಿಸಿದ. ಅದರ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ, ಜನರಿಗೆ ಬೆನ್ನು ಮಾಡಿ ಅವಳ ಮುಂದೆ ನಿಂತ.

"ಮನೆಗೆ ಬಾ," ಅಂದ. "ಅವತ್ತೇ ಹೇಳ್ಬೇಕಿತ್ತು, ಹೋಗ್ಬೇಡ ಅಂತ. ಬಾಯಿ ಬರಲಿಲ್ಲ. ಮಗು ಇದ್ದಿದ್ರೆ ಮಗು ಹೆಸರು ಹೇಳಿ ಕರೀತಿದ್ದೆ. ಈಗ ನನ್ನ ಹತ್ರ ಯಾವ ನೆಪಾನೂ ಇಲ್ಲ. ನೀನಿಲ್ದೆ ನಂಗಾಗಲ್ಲ, ಅಷ್ಟೇ. ನೀನು ನಂಗೆ ಬೇಕು. ಬಾ."

ನೇರವಾಗಿ ಅವಳಿಗೆಂದು ಅವನು ಆಡಿದ ಅತಿ ಉದ್ದದ ಮಾತು ಅದು. ಅದನ್ನು ಕೇಳಲು ಅವಳು ತೆತ್ತದ್ದೆಷ್ಟು ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಸಂತೋಷವಾಗಲಿಲ್ಲ. ಆದರೆ ಬೇರೆ ಎಲ್ಲಿಗೂ ಹೋಗಬೇಕೆಂದೂ ಅನ್ನಿಸಲಿಲ್ಲ.

"ಅಣ್ಣಾ," ಎಂದು ಅವಳು ಅವನ ಭುಜದ ಮೇಲಿಂದ ಕೂಗಿದಳು. ದನಿ ಒಡೆದಿತ್ತು. "ನೀನು ಹೊರಡು. ನಾನು ಇವರ ಜೊತೆ ಹೋಗ್ತೀನಿ."

ಕಾರು ಹೋಯಿತು. ಬೈಕು ಅಲ್ಲೇ ಇತ್ತು. ಅವರು ಹೊರಡಲಿಲ್ಲ. ಅವನು ಜಾಕೆಟ್ಟಿನ ತುದಿಗಳನ್ನು ಬಿಡದೆ, ಅವಳು ಅವನ ಅಂಗಿ ಹಿಡಿದುಕೊಂಡು, ಆ ಬೈಕುಗಳ ನಡುವೆ ನಿಂತು ಮೊದಲ ಸಲ ಒಟ್ಟಿಗೆ ಅತ್ತರು.